ಸೊರಗಿದ ಮರಿ ಮತ್ತು ಮಾರ್ಜಾಲ ನ್ಯಾಯ

ಮಾರ್ಜಾಲ ಕಿಶೋರ ನ್ಯಾಯವು ಶ್ರೀವೈಷ್ಣವ ದರ್ಶನದಲ್ಲಿ ಶರಣಾಗತಿಯ ಸ್ವರೂಪವನ್ನು ಹೇಳುವ ದೃಷ್ಟಾಂತ. ಬೆಕ್ಕಿನ ಮರಿ ತಾಯಿಯನ್ನು ಹಿಡಿದುಕೊಳ್ಳುವುದಿಲ್ಲ. ತಾಯಿಯೇ ಅದರ ಕುತ್ತಿಗೆಯ ಸಡಿಲ ಚರ್ಮವನ್ನು ಮೆಲ್ಲಗೆ ಕಚ್ಚಿ ಎತ್ತಿಕೊಂಡು ತನಗೆ ಸರಿಕಂಡ ಕಡೆ ಇಡುತ್ತದೆ. ಮರಿ ಕಾಲು ಮಡಚಿಕೊಂಡು ಜೋತುಬಿದ್ದರೆ ಸಾಕು. ಭಗವಂತ ಜೀವನನ್ನು ಕಾಯುವುದೂ ಹೀಗೆಯೇ, ಜೀವನ ಕಡೆಯಿಂದ ಯಾವ ಪ್ರಯತ್ನವನ್ನೂ ಬೇಡದೆ, ಎಂಬುದು ತೆಂಗಲೆ ಪಂಥದ ನಿಲುವು. ವಡಗಲೆಯವರದು ಮರ್ಕಟ ಕಿಶೋರ ನ್ಯಾಯ. ಮಂಗ ಮರಿಯನ್ನು ಹೊತ್ತೇ ನೆಗೆಯುತ್ತದೆ, ನಿಜ. ಆದರೆ ಮರಿ ತಾಯಿಯ ಹೊಟ್ಟೆಯನ್ನು ಅವುಚಿ ಹಿಡಿದಿರಬೇಕು. ಮೊದಲ ಪಕ್ಷದ ಮುಖ್ಯ ಆಚಾರ್ಯರು ಪಿಳ್ಳೈ ಲೋಕಾಚಾರ್ಯರು, ಎರಡನೆಯದಕ್ಕೆ ವೇದಾಂತ ದೇಶಿಕರು. ಇಬ್ಬರೂ ರಾಮಾನುಜರನ್ನೇ ಮೂಲವೆಂದು ಒಪ್ಪಿದವರು. ಮೇಲುಕೋಟೆಯ ಬೀದಿಗಳಲ್ಲಿ ಎರಡೂ ಪಂಥದವರ ಹಣೆಯ ನಾಮಗಳು ಇಂದಿಗೂ ಕಾಣಸಿಗುತ್ತವೆ.

1323ರಲ್ಲಿ ದೆಹಲಿಯ ಸೈನ್ಯ ಶ್ರೀರಂಗಕ್ಕೆ ನುಗ್ಗಿದ ಸಂದರ್ಭವನ್ನು ಕುರಿತು ಸಂಪ್ರದಾಯವು ಒಂದು ಕಥನವನ್ನು ಉಳಿಸಿಕೊಂಡಿದೆ. ಇಳಿವಯಸ್ಸಿನ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಕಾಪಾಡಿಕೊಂಡು ಮದುರೆಯ ಕಡೆ ಹೊರಟು ದಾರಿಯಲ್ಲೇ ತೀರಿಕೊಂಡರು. ದೇಶಿಕರು ವಿದ್ವಾಂಸ ಸುದರ್ಶನಸೂರಿಗಳ ಇಬ್ಬರು ಎಳೆಯ ಮಕ್ಕಳನ್ನೂ ಅವರ ಶ್ರುತಪ್ರಕಾಶಿಕೆ ಎಂಬ ವ್ಯಾಖ್ಯಾನದ ಓಲೆಗರಿಗಳನ್ನೂ ಉಳಿಸಿಕೊಂಡು ಕಾವೇರಿ ದಂಡೆಯ ಸತ್ಯಾಗಾಲಕ್ಕೆ ಬಂದು ಸೇರಿದರು. ಆ ಊರು ಈಗ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿದೆ. ಮಂಗನ ಮರಿಯ ಪಕ್ಷದವರು ಮಕ್ಕಳನ್ನು ತಾಯಿಬೆಕ್ಕಿನ ಹಾಗೆ ಹೊತ್ತು ನಡೆದರು, ಬೆಕ್ಕಿನ ಮರಿಯ ಪಕ್ಷದವರು ದೇವರನ್ನೇ ಅವುಚಿಕೊಂಡು ನಡೆದರು. ಕಷ್ಟಕಾಲದಲ್ಲಿ ಪಂಥಗಳ ಗೆರೆ ಅಷ್ಟೇನೂ ನೇರವಾಗಿ ಉಳಿಯುವುದಿಲ್ಲ.

ಎರಡೂ ನ್ಯಾಯಗಳು ಮಾತಾಡುವುದು ತಾಯಿ ಹೊತ್ತ ಮರಿಯ ವಿಷಯ. ತಾಯಿ ಬಿಟ್ಟುಹೋದ ಮರಿಯ ಬಗ್ಗೆ ದೃಷ್ಟಾಂತದಲ್ಲಿ ಜಾಗವಿಲ್ಲ. ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರಿನಲ್ಲಿ ಇಂಥ ಮರಿ ಅಪರೂಪವೂ ಅಲ್ಲ. ಬಿಳಿಜೋಳ, ತೊಗರಿ, ಕಡಲೆಯ ಎರೆ ಸೀಮೆ ಇದು. ಕಾಳಿನ ಚೀಲ ಇದ್ದ ಮನೆಗೆ ಇಲಿ ಬರುತ್ತದೆ, ಇಲಿ ಬಂದ ಮನೆಗೆ ಬೆಕ್ಕು ಬೇಕಾಗುತ್ತದೆ. ಕಣಕಿ ಬಣವಿಯ ಸಂದಿ, ಅಟ್ಟದ ಮೇಲಿನ ಹಳೆಯ ಗೋಣಿಚೀಲ, ದನದ ಕೊಟ್ಟಿಗೆಯ ಕತ್ತಲ ಮೂಲೆ ಇವೇ ಬೆಕ್ಕು ಮರಿ ಹಾಕುವ ಜಾಗಗಳು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಜನರಲ್ಲಿದೆ. ಹೀಗೆ ತಿರುಗಿಸುವಾಗ ನಾಲ್ಕರಲ್ಲಿ ಮೂರನ್ನು ಸಾಗಿಸಿ ನಾಲ್ಕನೆಯದಕ್ಕೆ ತಾಯಿ ಮರಳಿ ಬಾರದೆ ಹೋಗುವುದುಂಟು. ಉಳಿದದ್ದು ಹೆಚ್ಚಾಗಿ ಎಲ್ಲಕ್ಕಿಂತ ಸಣ್ಣ ಮರಿಯೇ ಆಗಿರುತ್ತದೆ.

ಹುಟ್ಟಿದ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ತೂಗುತ್ತದೆ. ದಿನಕ್ಕೆ 10ರಿಂದ 15 ಗ್ರಾಂ, ಅಂದರೆ ಸುಮಾರು ಒಂದು ತೊಲದಷ್ಟು ಏರಿ, ಎರಡು ವಾರದೊಳಗೆ ಇಮ್ಮಡಿಯಾಗಬೇಕು. 75-80 ಗ್ರಾಮಿಗಿಂತ ಕಡಿಮೆ ತೂಕದ ಮರಿ ಅಪಾಯದಲ್ಲಿರುತ್ತದೆ. ಅದಕ್ಕೆ ಕಣ್ಣು ತೆರೆದಿಲ್ಲ, ಕಿವಿ ಕೇಳುವುದಿಲ್ಲ. ವಾಸನೆ ಮತ್ತು ಬಿಸುಪಿನ ಜಾಡು ಹಿಡಿದೇ ಮೊಲೆ ಹುಡುಕುತ್ತದೆ. ಸಣ್ಣ ಮೈ ಬೇಗ ಆರುತ್ತದೆ. ತಣ್ಣಗಾದ ಮರಿಗೆ ಚೀಪುವ ಶಕ್ತಿ ಕುಗ್ಗುತ್ತದೆ, ಚೀಪದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮೈ ಇನ್ನಷ್ಟು ಆರುತ್ತದೆ. ಇತ್ತ ಗಟ್ಟಿ ಮರಿಗಳು ಮೊದಲ ಕೆಲವು ದಿನಗಳಲ್ಲೇ ಒಳ್ಳೆಯ ಮೊಲೆಗಳನ್ನು ತಮ್ಮದಾಗಿಸಿಕೊಂಡಿರುತ್ತವೆ. ತಾಯಿ ಕ್ರೂರಿಯಾದ್ದರಿಂದ ಮರಿಯನ್ನು ಬಿಡುತ್ತದೆ ಎನ್ನುವುದು ಸರಿಯಲ್ಲ. ಕೂಗದ, ಕದಲದ, ತಣ್ಣಗಾದ ಮರಿಯಿಂದ ತಾಯಿಗೆ ಮರಿಯ ಸುಳಿವೇ ಸಿಗುವುದಿಲ್ಲ.

ಇಲ್ಲಿ ಏಳುವ ಪ್ರಶ್ನೆ ಹಳೆಯದು. ಒಂದೇ ಬಸಿರಿನ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಏಕೆ ಹೀಗೆ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಇದನ್ನು ವೈಷಮ್ಯ ಮತ್ತು ನೈರ್ಘೃಣ್ಯ, ಎಂದರೆ ಪಕ್ಷಪಾತ ಮತ್ತು ನಿರ್ದಯತೆ, ಎಂಬ ಎರಡು ಆಕ್ಷೇಪಗಳಾಗಿ ಎತ್ತಿಕೊಳ್ಳುತ್ತದೆ. ಈಶ್ವರನು ಜೀವರ ಕರ್ಮವನ್ನು ಅನುಸರಿಸಿ ಫಲ ಕೊಡುತ್ತಾನಾದ್ದರಿಂದ ಎರಡೂ ದೋಷಗಳು ಅವನಿಗೆ ತಟ್ಟುವುದಿಲ್ಲ ಎಂಬುದು ಅಲ್ಲಿಯ ಸಮಾಧಾನ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದೇ ವಿಚಾರ ಶೆಟಿಗೆವ್ವನ ರೂಪದಲ್ಲಿದೆ. ಮಗು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಆಕೆ ಬಂದು ಹಣೆಬರಹ ಬರೆಯುತ್ತಾಳೆಂಬ ನಂಬಿಕೆಯಿಂದ ಅಂದು ಅವಳ ಪೂಜೆ ನಡೆಯುತ್ತದೆ. ಕೂಸುಗಳನ್ನು ಕಾಯುವ ಷಷ್ಠೀದೇವಿಗೂ ಈಕೆಗೂ ನಂಟಿದೆ. ಬಂಗಾಳದಲ್ಲಿ ಷಷ್ಠಿಯ ವಾಹನ ಬೆಕ್ಕು. ಎಳೆಗೂಸಿನ ದೇವತೆಗೆ ಮರಿಗಳ ತಾಯಿಯನ್ನೇ ವಾಹನ ಮಾಡಿದ ಜಾನಪದದ ಜಾಣ್ಮೆ ಮೆಚ್ಚುವಂಥದ್ದು.

ಆದರೆ ಕರ್ಮದ ಉತ್ತರವಾಗಲಿ ಹಣೆಬರಹದ ಉತ್ತರವಾಗಲಿ ವಿವರಿಸುವುದು ಮರಿ ಏಕೆ ಹೀಗೆ ಹುಟ್ಟಿತು ಎಂಬುದನ್ನು ಮಾತ್ರ. ಅಟ್ಟ ಹತ್ತಿ ಅದನ್ನು ಕಂಡವರು ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಒಗ್ಗಿಸಿ ‘ಅದರ ಹಣೆಯಾಗ ಅಷ್ಟ ಇತ್ತು’ ಎಂದು ಏಣಿ ಇಳಿಯುವುದು ತರ್ಕದೋಷ. ಮರಿಯನ್ನು ಗೋಣಿಚೀಲದ ಮೇಲೆ ಬಿಟ್ಟ ಕರ್ಮವೇ ಅದರ ಕೂಗು ಕೇಳುವ ಕಿವಿಯನ್ನೂ ಅದೇ ಹೊತ್ತಿಗೆ ಅಲ್ಲಿಗೆ ತಂದಿದೆ ಎಂದು ಅಷ್ಟೇ ಸಲೀಸಾಗಿ ವಾದಿಸಬಹುದು.

ನೆರವಿನ ವಿರುದ್ಧ ಹೆಚ್ಚು ಗಂಭೀರವಾದ ವಾದ ಬಂದಿರುವುದು ಜೈನ ಚಿಂತನೆಯಿಂದ. ಬೆಕ್ಕು ಮಾಂಸಾಹಾರಿ, ಇಂದು ಉಳಿಸಿದ ಮರಿ ನಾಳೆ ನೂರಾರು ಇಲಿ, ಓತಿಕ್ಯಾತ, ಗುಬ್ಬಿಗಳನ್ನು ಕೊಲ್ಲುತ್ತದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕರು, ಎಂದರೆ ಗೃಹಸ್ಥ ಜೈನರು, ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಹಣಕ್ಕಾಗಿ ಬೆಕ್ಕು, ನಾಯಿ ಮೊದಲಾದವುಗಳನ್ನು ಸಾಕುವುದನ್ನೂ ಸೇರಿಸುತ್ತದೆ. 18ನೆಯ ಶತಮಾನದಲ್ಲಿ ರಾಜಸ್ಥಾನದಲ್ಲಿ ತೇರಾಪಂಥವನ್ನು ಕಟ್ಟಿದ ಆಚಾರ್ಯ ಭಿಕ್ಷು ಇನ್ನೂ ಮುಂದೆ ಹೋದರು: ಸಂಯಮವಿಲ್ಲದ ಜೀವಿಯ ದೇಹವನ್ನು ಪೋಷಿಸುವುದು ಲೋಕಧರ್ಮ, ಮೋಕ್ಷಕ್ಕೆ ಒಯ್ಯುವ ಧರ್ಮವಲ್ಲ. ಉಳಿದ ಜೈನರು ಇದನ್ನು ಒಪ್ಪಲಿಲ್ಲ. ಅನುಕಂಪೆ ಸಮ್ಯಕ್ತ್ವದ, ಎಂದರೆ ಸರಿಯಾದ ಶ್ರದ್ಧೆಯ, ಲಕ್ಷಣಗಳಲ್ಲೇ ಒಂದು ಎಂದು ಅವರು ತೋರಿಸಿದರು. ಮುದಿ ಮತ್ತು ರೋಗಿ ಪ್ರಾಣಿಗಳಿಗಾಗಿ ಪಾಂಜರಾಪೋಳಗಳನ್ನು ಕಟ್ಟಿದವರೂ ಅವರೇ. ಹೇಮಚಂದ್ರರ ನಿಷೇಧವೂ ಲಾಭದ ಸಾಕಣೆಗೆ ಅನ್ವಯಿಸುತ್ತದೆಯೇ ಹೊರತು ಸಾಯುವ ಮರಿಗೆ ಹಾಲು ಕುಡಿಸುವುದಕ್ಕಲ್ಲ. ಇಷ್ಟಾದರೂ ಆಕ್ಷೇಪದ ಮೊನೆ ಪೂರ್ತಿ ಮುರಿಯುವುದಿಲ್ಲ. ಕಾಳು ಕಾಯಲು ಬೆಕ್ಕು ಸಾಕಿದ ರೈತನ ಲೆಕ್ಕದಲ್ಲಿ ಇಲಿಯ ಸಾವು ಲಾಭವೇ. ಈ ಇಕ್ಕಟ್ಟನ್ನು ಅಡಗಿಸಿಡುವುದಕ್ಕಿಂತ ಒಪ್ಪಿಕೊಳ್ಳುವುದು ಪ್ರಾಮಾಣಿಕ. ಮುಂದೆ ಮಾಡಬಹುದಾದ ಹಿಂಸೆಗಾಗಿ, ಇನ್ನೂ ಹಲ್ಲೇ ಬಾರದ ಮರಿಯನ್ನು ಇಂದು ಉಪವಾಸ ಕೆಡವುವುದು ಅಹಿಂಸೆಯ ಲೆಕ್ಕಕ್ಕೂ ಬರುವುದಿಲ್ಲ ಎಂಬಷ್ಟನ್ನು ಹೇಳಬಹುದು.

ಆದಿಲ್‌ಶಾಹಿಗಳ ರಾಜಧಾನಿಯಿದ್ದ ಈ ಸೀಮೆಯಲ್ಲಿ ಇಸ್ಲಾಮಿನ ಮಾತೂ ಮನೆಮಾತೇ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಕೊಂದ ಹೆಂಗಸಿಗೆ ನರಕವಾಯಿತೆಂದು ಹದೀಸ್ ಹೇಳುತ್ತದೆ. ಬೆಕ್ಕು ಅಶುದ್ಧ ಪ್ರಾಣಿಯಲ್ಲ, ಮನೆಯೊಳಗೆ ಸುಳಿದಾಡುವ ಜೀವ ಎಂಬ ಮಾತೂ ಅಲ್ಲಿದೆ. ಗಮನಿಸಬೇಕಾದದ್ದು ಅಪರಾಧದ ಸ್ವರೂಪ. ಆಕೆ ಬೆಕ್ಕನ್ನು ಹೊಡೆಯಲಿಲ್ಲ, ಅದರ ಅನ್ನದ ದಾರಿ ಮುಚ್ಚಿದಳು. ಕೈಯೊಳಗೆ ಬಂದ ಜೀವದ ಹಸಿವಿಗೆ ಆ ಕೈಯವರೇ ಹೊಣೆ. ಅಟ್ಟದಿಂದ ಮರಿಯನ್ನು ಇಳಿಸಿ ಪಡಸಾಲೆಗೆ ತಂದವರು, ಮಕ್ಕಳಿಗೆ ಆಟಕ್ಕೆ ಕೊಟ್ಟವರು, ಆ ಗಳಿಗೆಯಿಂದ ಈ ಹೊಣೆಗೆ ಒಳಗಾಗುತ್ತಾರೆ. ತಾಯಿ ಹತ್ತಿರದಲ್ಲೇ ಇರಬಹುದಾದಾಗ ಮರಿಯನ್ನು ಅವಸರದಿಂದ ಎತ್ತದೆ, ದೂರ ನಿಂತು ಕೆಲ ಹೊತ್ತು ಕಾಯುವುದು ಅದಕ್ಕೇ ಮುಖ್ಯ.

ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಶರಣರು ದಯೆಯನ್ನು ಸಕಲ ಪ್ರಾಣಿಗಳಿಗೂ ಹರಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕಿಂತ ಇಲ್ಲಿ ಉಪಯೋಗಕ್ಕೆ ಬರುವುದು ದಾನ ಮತ್ತು ದಾಸೋಹಗಳ ನಡುವೆ ಅವರು ಮಾಡಿದ ಭೇದ. ದಾನದಲ್ಲಿ ಕೊಡುವವನು ಮೇಲು. ಕೊಟ್ಟದ್ದು ಎಷ್ಟು ಎಂಬುದು ಅವನ ಮರ್ಜಿ. ದಾಸೋಹದಲ್ಲಿ ಕೊಡುವವನೇ ಆಳು. ಉಣ್ಣುವವನ ಹಸಿವು ಅಳತೆಯನ್ನು ನಿರ್ಧರಿಸುತ್ತದೆ. ಸೊರಗಿದ ಮರಿಯನ್ನು ಸಾಕುವಲ್ಲಿ ಈ ಭೇದ ಸಾವು ಬದುಕಿನ ಭೇದವೇ ಆಗಿಬಿಡುತ್ತದೆ. ಬಟ್ಟಲು ತುಂಬ ಹಸುವಿನ ಹಾಲು ತಂದು ಬಾಯಿಗೆ ಹೊಯ್ಯುವುದು ದಾನ. ಅದರಿಂದ ಮರಿ ಸಾಯುವ ಸಂಭವವೇ ಹೆಚ್ಚು.

ಮೊದಲು ಬೇಕಾದದ್ದು ಹಾಲಲ್ಲ, ಬಿಸುಪು. ಮರಿಯ ಬಾಯೊಳಗೆ ಕಿರುಬೆರಳ ತುದಿ ಇಟ್ಟಾಗ ತಣ್ಣಗೆ ತಾಕಿದರೆ ಅದಕ್ಕೆ ಏನನ್ನೂ ಕುಡಿಸಬಾರದು. ತಣ್ಣಗಾದ ಮೈಯಲ್ಲಿ ಕರುಳು ಕೆಲಸ ನಿಲ್ಲಿಸಿರುತ್ತದೆ. ಒಳಗೆ ಹೋದ ಹಾಲು ಅರಗದೆ ಹುಳಿಯುತ್ತದೆ, ಇಲ್ಲವೇ ಮೇಲಕ್ಕೆ ಬಂದು ಶ್ವಾಸಕೋಶ ಸೇರುತ್ತದೆ. ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡೋ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೋ, ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗಾಗಿಸಬೇಕು. ಮೊದಲ ವಾರ ಮರಿಯ ಸುತ್ತ 30-32 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕನ್ನೊಳ್ಳಿಯ ಡಿಸೆಂಬರ್-ಜನವರಿ ರಾತ್ರಿಗಳು ಇದಕ್ಕಿಂತ ಬಹಳ ತಣ್ಣಗಿರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ತೊಂದರೆ ತಿರುಗುಮುರುಗು: ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಸೆಕೆ 40 ಡಿಗ್ರಿ ದಾಟುತ್ತದೆ, ಅಲ್ಲಿ ಮರಿಯ ಮೈಯ ನೀರು ಬತ್ತಿಹೋಗುತ್ತದೆ.

ಬೆಚ್ಚಗಾದ ಮೇಲೂ ಮೊದಲ ಆಯ್ಕೆ ತಾಯಿಯೇ. ಹೆತ್ತ ಮೊದಲ ದಿನದ ಗಿಣ್ಣುಹಾಲಿನಲ್ಲಿರುವ ರೋಗನಿರೋಧಕ ಅಂಶಗಳು ಮರಿಯ ಕರುಳನ್ನು ದಾಟಿ ರಕ್ತಕ್ಕೆ ಸೇರುವುದು ಸುಮಾರು 16-18 ಗಂಟೆಗಳವರೆಗೆ ಮಾತ್ರ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಗಟ್ಟಿ ಮರಿಗಳನ್ನು ಹತ್ತು ಹದಿನೈದು ನಿಮಿಷ ಬೆಚ್ಚಗಿನ ಬುಟ್ಟಿಯಲ್ಲಿಟ್ಟು, ಸಣ್ಣದನ್ನು ಒಂದೇ ಒಂದಾಗಿ ಹಾಲು ತುಂಬಿದ ಮೊಲೆಗೆ ಹಚ್ಚಬೇಕು. ದಿನಕ್ಕೆ ಹಲವು ಸಲ ಹೀಗೆ ಮಾಡಿದರೆ ಎಷ್ಟೋ ಮರಿಗಳಿಗೆ ಬೇರೆ ಉಪಚಾರವೇ ಬೇಕಾಗುವುದಿಲ್ಲ. ತಾಯಿ ಸಿಗದಿದ್ದರೆ ಓಣಿಯಲ್ಲಿ ಮರಿ ಹಾಕಿದ ಇನ್ನೊಂದು ಬೆಕ್ಕನ್ನು ಹುಡುಕುವುದು ಎರಡನೆಯ ದಾರಿ. ಬೆಕ್ಕುಗಳು ಪರರ ಮರಿಗೆ ಮೊಲೆ ಕೊಡುವುದು ಅಪರೂಪವಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಳಿಗೆ ಹಿಂದಿರುಗುವ ಮೊದಲು ಕರುವನ್ನು ಒಪ್ಪಿಸುವುದು ತನ್ನ ಜೊತೆಯ ಹಸುಗಳಿಗೆ. ಸತ್ಯನಿಷ್ಠೆಯ ಕಥೆಯೆಂದೇ ಶಾಲೆಗಳಲ್ಲಿ ಕಲಿಸುವ ಆ ಹಾಡಿನಲ್ಲಿ ಸಾಕುತಾಯಿಯ ಈ ಏರ್ಪಾಡನ್ನು ಗಮನಿಸುವವರು ಕಡಿಮೆ.

ಮೂರನೆಯದು ಕೈತುತ್ತು. ‘ಹಾಲು ಯಾರಿಗೂ ಕೇಡಲ್ಲ’ ಎಂಬ ನಂಬಿಕೆ ಇಲ್ಲಿ ಅಡ್ಡಬರುತ್ತದೆ. ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನು ಹಸುವಿನ ಹಾಲಿನದಕ್ಕಿಂತ ಸುಮಾರು ಎರಡು ಪಟ್ಟು. ಹಸುವಿನ ಹಾಲನ್ನೇ ಕುಡಿಸಿದರೆ ಮರಿಗೆ ಭೇದಿ ಹತ್ತಿ ಮೈಯ ನೀರು ಹೋಗುತ್ತದೆ, ತೂಕವೂ ಏರುವುದಿಲ್ಲ. ಆಡಿನ ಹಾಲೂ ಅರ್ಧ ಪರಿಹಾರವೇ. ಟಾರಿನ್ ಎಂಬ ಅಂಶವಿಲ್ಲದೆ ಬೆಕ್ಕಿನ ಕಣ್ಣು ಮತ್ತು ಹೃದಯ ಹಾಳಾಗುತ್ತವೆ. ಅದು ಸಿಗುವುದು ತಾಯಿಹಾಲಿನಲ್ಲಿ, ಮುಂದೆ ಮಾಂಸದಲ್ಲಿ. ಶುದ್ಧ ಸಸ್ಯಾಹಾರಿ ಮನೆಯವರು ತಮ್ಮ ಆಚಾರವನ್ನು ಬೆಕ್ಕಿನ ಮೇಲೆ ಹೇರಲಾರರು ಎಂಬುದನ್ನು ಮರಿಯ ಮೊದಲ ಗುಟುಕೇ ಹೇಳಿಬಿಡುತ್ತದೆ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ದೊಡ್ಡ ಊರುಗಳ ಪಶು ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. 100 ಗ್ರಾಂ ತೂಕಕ್ಕೆ ಇಡೀ ದಿನಕ್ಕೆ 20-25 ಮಿಲಿಲೀಟರ್ ಬೇಕು. 80 ಗ್ರಾಮಿನ ಮರಿಗೆ ಹಗಲೂ ರಾತ್ರಿ ಸೇರಿ ಹತ್ತು ಸಲ ಕುಡಿಸಿದರೆ ಒಂದು ಸಲಕ್ಕೆ ಎರಡು ಮಿಲಿಲೀಟರ್ ಮೀರುವುದಿಲ್ಲ. ಕರುಣೆಯಿಂದ ಹೆಚ್ಚು ಕುಡಿಸುವ ಕೈಯನ್ನು ತಡೆಯಲು ಈ ಲೆಕ್ಕವೊಂದೇ ಸಾಕು.

ಕುಡಿಸುವ ಭಂಗಿಯಲ್ಲಿ ಮಾರ್ಜಾಲ ನ್ಯಾಯದ ವಿವಾದ ಮತ್ತೆ ಜೀವ ತಳೆಯುತ್ತದೆ. ಮನುಷ್ಯರ ಕೂಸಿನಂತೆ ಮರಿಯನ್ನು ಅಂಗಾತ ಮಲಗಿಸಬಾರದು. ಹೊಟ್ಟೆಯ ಮೇಲೆ, ತಾಯಿಯ ಬಳಿ ಇರುವ ಹಾಗೆಯೇ ಇರಿಸಿ, ತಲೆ ತುಸು ಮೇಲಕ್ಕಿರಬೇಕು. ಸೂಜಿ ತೆಗೆದ ಒಂದು ಮಿಲಿಲೀಟರಿನ ಸಿರಿಂಜಿನಿಂದ ಒಂದು ಹನಿ ತುಟಿಗೆ ತಾಕಿಸಿ ಕಾಯಬೇಕು. ನಾಲಿಗೆ ದೋಣಿಯಂತೆ ಮಡಚಿ ಮುಂದೆ ಬರುತ್ತದೆ, ಮುಂಗಾಲು ಗಾಳಿಯಲ್ಲಿ ಒತ್ತತೊಡಗುತ್ತದೆ, ಕಿವಿಯ ತುದಿ ಮಿಡಿಯುತ್ತದೆ. ಮರಿ ಚೀಪತೊಡಗಿದೆ ಎಂಬುದಕ್ಕೆ ಇವೇ ಗುರುತು. ಚೀಪದ ಮರಿಯ ಗಂಟಲಿಗೆ ಹಾಲು ಒತ್ತಿದರೆ ಅದು ಮೂಗಿನಲ್ಲಿ ಬಂದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ವೇದಾಂತ ದೇಶಿಕರ ಪಕ್ಷ ಕೇಳುವ ವ್ಯಾಜ, ಎಂದರೆ ಕೃಪೆ ಹರಿಯಲು ಜೀವನ ಕಡೆಯ ಒಂದು ಸಣ್ಣ ನೆವ, ಇದಕ್ಕಿಂತ ದೊಡ್ಡದೇನೂ ಅಲ್ಲ. ಚೀಪುವುದರಿಂದ ಹಾಲು ಹುಟ್ಟುವುದಿಲ್ಲ. ಅದು ಹಾಲಿನ ಬೆಲೆಯೂ ಅಲ್ಲ. ಆದರೆ ಅದಿಲ್ಲದೆ ಕೊಟ್ಟ ಹಾಲು ವಿಷ. ಲೋಕಾಚಾರ್ಯರ ಪಕ್ಷವೂ ಇಲ್ಲಿ ಸೋಲುವುದಿಲ್ಲ, ಏಕೆಂದರೆ ಚೀಪುವ ಶಕ್ತಿ ಮರಿಗೆ ಬಂದದ್ದು ಬೆಚ್ಚಗಾಗಿಸಿದ ಕೈಯಿಂದ. ಬಿಸುಪು ನಿರ್ಹೇತುಕವಾಗಿ, ಎಂದರೆ ಯಾವ ಕಾರಣವನ್ನೂ ಕೇಳದೆ, ಬರಬೇಕು, ಹಾಲು ವ್ಯಾಜವನ್ನು ಕಾಯಬೇಕು. ಈ ಕ್ರಮ ತಲೆಕೆಳಗಾದರೆ ಮರಿ ಉಳಿಯುವುದಿಲ್ಲ. ಬೆಕ್ಕಿನ ಮರಿಯನ್ನು ಕೇವಲ ಜಡವಾದ ಹೊರೆಯೆಂದು ಚಿತ್ರಿಸಿದ ದೃಷ್ಟಾಂತ ಅಷ್ಟರಮಟ್ಟಿಗೆ ಪೂರ್ತಿಯಾದುದಲ್ಲ.

ಇದೇ ಎರಡು ಪಂಥಗಳಿಗೆ ವಾತ್ಸಲ್ಯದ ವಿಷಯದಲ್ಲೂ ಜಗಳವಿದೆ. ಹಸು ಆಗತಾನೆ ಹುಟ್ಟಿದ ಕರುವಿನ ಮೈಮೇಲಿನ ಕೊಳೆಯನ್ನು ನೆಕ್ಕುವಂತೆ ಭಗವಂತ ಭಕ್ತನ ದೋಷವನ್ನೇ ಭೋಗ್ಯವಾಗಿ ಸ್ವೀಕರಿಸುತ್ತಾನೆ ಎಂಬುದು ತೆಂಗಲೆಯ ಮಾತು. ದೋಷವನ್ನು ಸವಿಯುವುದಿಲ್ಲ, ಕಂಡೂ ಕಾಣದಂತೆ ಇರುತ್ತಾನೆ ಎಂಬುದು ವಡಗಲೆಯದು. ತಾಯಿಬೆಕ್ಕು ನೆಕ್ಕುವುದಕ್ಕೆ ಇನ್ನೂ ಒಂದು ಕಾರಣವಿದೆ. ಮೊದಲ ಮೂರು ವಾರ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ಹಿಂಭಾಗವನ್ನು ನೆಕ್ಕಿದರೆ ಮಾತ್ರ ಅದು ಸಾಧ್ಯ. ತಾಯಿ ಇಲ್ಲದ ಮರಿಗೆ ಪ್ರತಿಸಲ ಹಾಲು ಕುಡಿಸಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಮರೆತರೆ ಹೊಟ್ಟೆ ಉಬ್ಬಿ, ಕುಡಿದ ಹಾಲೇ ಅದಕ್ಕೆ ಹಿಂಸೆಯಾಗುತ್ತದೆ. ಕೊಳೆಯನ್ನು ಸವಿಯುವ, ಕೊಳೆಯನ್ನು ಕಾಣದಿರುವ ಎರಡು ಪಕ್ಷಗಳ ಆಚೆಗೆ, ಕೊಳೆಯನ್ನು ಹೊರಗೆ ತೆಗೆಯುವ ಈ ಮೂರನೆಯ ಬಗೆಯ ವಾತ್ಸಲ್ಯವನ್ನು ಸಿದ್ಧಾಂತಗಳು ಅಷ್ಟಾಗಿ ಚರ್ಚಿಸಿಲ್ಲ. ಮನೆಯ ಹೆಂಗಸರು ದಿನವೂ ಮಾಡುವ ಕೆಲಸವಾದ್ದರಿಂದ ಪಂಡಿತರ ಕಣ್ಣಿಗೆ ಬಿದ್ದಿರಲಾರದು.

ಪ್ರತಿದಿನ ಒಂದೇ ಹೊತ್ತಿಗೆ ಮರಿಯನ್ನು ತೂಗಬೇಕು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು, ಅಕ್ಕಸಾಲಿಗರದಾದರೆ ಇನ್ನೂ ಒಳ್ಳೆಯದು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ; ಹತ್ತು ಗ್ರಾಮಿನ ಇಳಿತ ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ, ಏಕೆಂದರೆ ಒಳಗಿನ ಅಂಗದ ಊನದಿಂದಲೇ ಅವು ಸಣ್ಣಗೆ ಹುಟ್ಟಿರುತ್ತವೆ. ಕರ್ಮಸಿದ್ಧಾಂತಕ್ಕೆ ನ್ಯಾಯವಾಗಿ ಸಲ್ಲುವ ಜಾಗ ಇದು: ಪ್ರಯತ್ನದ ಮೊದಲು ಅಲ್ಲ, ಪ್ರಯತ್ನ ಮುಗಿದ ಮೇಲೆ. ಉಳಿದ ಮರಿಗಳು ನಾಲ್ಕನೆಯ ವಾರಕ್ಕೆ 350-450 ಗ್ರಾಂ ತೂಗಿ ಗಟ್ಟಿ ಆಹಾರಕ್ಕೆ ಬಾಯಿ ಹಾಕುತ್ತವೆ. ಅಲ್ಲಿಯವರೆಗೆ ಬೆಚ್ಚಗಿದ್ದೂ ಚೀಪದ, ಅಥವಾ ಕುಡಿದೂ ಒಂದು ಇಡೀ ದಿನ ತೂಕ ಏರದ ಮರಿಯನ್ನು ಮನೆಮದ್ದಿನಲ್ಲಿ ಕಾಲ ಕಳೆಯದೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಅಂದೇ ಒಯ್ಯಬೇಕು. ಕೊಳವೆಯಿಂದ ಹೊಟ್ಟೆಗೆ ಹಾಲು ಮುಟ್ಟಿಸುವುದು ವೈದ್ಯರೇ ಮಾಡಬೇಕಾದ ಕೆಲಸ.